ಕೊನೆಗೌಡನ ಕ್ವಾರ್ಟರ್ ಮತ್ತು ಮನೆ ದಾರಿ: ತೀರ್ಥಹಳ್ಳಿ ಕಡೆಯ ಒಂದು ಊರಿನ ಪ್ರಕರಣ

ಇದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಊರಿನಲ್ಲಿ ನಡೆದದ್ದು. ಊರಿನ ಹೆಸರು ಹಾಕುತ್ತಿಲ್ಲ, ಯಾರ ಹೆಸರನ್ನೂ ಹಾಕುತ್ತಿಲ್ಲ. ತೀರಿಕೊಂಡವನ ಹೆಂಡತಿ ಮಕ್ಕಳು ಇದೇ ಊರಲ್ಲಿ ಬದುಕಬೇಕು. ಕುಡಿತ ಬಿಟ್ಟವರು ಇದೇ ಊರಲ್ಲಿ ತಲೆ ಎತ್ತಿ ಓಡಾಡಬೇಕು. ಆದರೆ ನಡೆದದ್ದನ್ನು ಪೂರ್ತಿ ಬರೆಯುತ್ತೇನೆ. ಇಂಥದ್ದೇ ಊರುಗಳು ಹೊಸನಗರ, ಸಾಗರ, ಕೊಪ್ಪ, ಶೃಂಗೇರಿ ಕಡೆಗೂ ಬೇಕಾದಷ್ಟಿವೆ, ಅಲ್ಲೂ ಯಾರೋ ಈಗ ಇದೇ ತಲೆಬಿಸಿಯಲ್ಲಿ ಕೂತಿರಬಹುದು.

ಹೇಳಬೇಕಾದ ಮುಖ್ಯ ಮಾತು ಮೊದಲೇ ಹೇಳಿಬಿಡುತ್ತೇನೆ. ಕುಡಿತ ಬಿಡಿಸುವುದು ಒಂದು ಕೆಲಸ. ಕುಡಿದವನು ಗಾಡಿ ಹತ್ತದಂತೆ ನೋಡಿಕೊಳ್ಳುವುದು ಬೇರೆಯದೇ ಕೆಲಸ. ಎರಡೂ ಬೇಕು. ಆದರೆ ಎರಡನೆಯದನ್ನು ಈ ವರ್ಷವೇ ಮಾಡಬಹುದು, ಮೊದಲನೆಯದಕ್ಕೆ ವರ್ಷಗಟ್ಟಲೆ ಬೇಕು. ನಮ್ಮ ಊರು ಎರಡನ್ನೂ ಒಂದೇ ಗಂಟು ಕಟ್ಟಿಕೊಂಡು ಹೊರಟಿತು. ಅದು ಬಿಚ್ಚಿಕೊಳ್ಳಲು ತುಂಬಾ ಕಾಲ ಹಿಡಿಯಿತು.

ಊರು ಮತ್ತು ರಸ್ತೆ

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ಹೆದ್ದಾರಿ ಬಿಟ್ಟು ಒಳಗೆ ಬರಬೇಕು. ಡಾಂಬರು ರಸ್ತೆಯೇ, ಆದರೆ ಒಂದು ಗಾಡಿ ಹೋಗುವಷ್ಟು ಅಗಲ. ಒಂದು ಕಡೆ ಧರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಇನ್ನೊಂದು ಕಡೆ ಗದ್ದೆ ಇಲ್ಲಾ ಹಳ್ಳ. ಮಳೆ ನಿಂತು ಎಷ್ಟೋ ದಿನ ಆದಮೇಲೂ ಮರದ ನೆರಳಿರುವ ಕಡೆ ಹಾವಸೆ ಹೋಗುವುದಿಲ್ಲ. ಮೋರಿಗಳಿಗೆ ಮೊಣಕಾಲೆತ್ತರದ ಕಟ್ಟೆ, ಕೆಲವಕ್ಕೆ ಅದೂ ಇಲ್ಲ. ಬೀದಿದೀಪ ಇಲ್ಲ. ಸಂಜೆಯ ಕೊನೆ ಬಸ್ಸು ಹೋದಮೇಲೆ ಬೈಕೇ ಗತಿ.

ಮೊದಲು ಹೀಗಿರಲಿಲ್ಲ. ಈ ಭಾಗದಲ್ಲಿ ಸರ್ಕಾರಿ ಬಸ್ಸು ಯಾವತ್ತೂ ಕಮ್ಮಿ, ಖಾಸಗಿ ಬಸ್ಸುಗಳೇ ಜನರನ್ನು ಹೊತ್ತವು. ಕೊಪ್ಪದಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಸಹಕಾರ ಸಾರಿಗೆ ಸುತ್ತಮುತ್ತಲ ಒಳಊರುಗಳಿಗೂ ಬಸ್ಸು ಓಡಿಸುತ್ತಿತ್ತು, ಅದೂ 2020ರಲ್ಲಿ ನಿಂತಿತು. ಬಸ್ಸು ಕಮ್ಮಿಯಾಯಿತು ಅಂತ ಜನ ಬೈಕು ತಗೊಂಡರು, ಬೈಕು ಬಂತು ಅಂತ ಬಸ್ಸಿಗೆ ಜನ ಕಮ್ಮಿಯಾದರು. ಕುಡಿದು ಗಾಡಿ ಓಡಿಸುವ ವಿಷಯ ಬಂದಾಗ ಯಾರೂ ಬಸ್ಸಿನ ಮಾತೇ ಎತ್ತುವುದಿಲ್ಲ. ಪೇಟೆಯಲ್ಲಾದರೆ ಕುಡಿದವನು ಆಟೋ ಹಿಡಿಯಬಹುದು. ಇಲ್ಲಿ ರಾತ್ರಿ ಎಂಟು ಗಂಟೆಗೆ ನಡೆದು ಹೋಗುವುದು ಒಂದು, ಇಲ್ಲಾ ಬೈಕು ಹತ್ತುವುದು ಒಂದು. ಮೂರನೆಯದು ಇಲ್ಲ.

ಕ್ವಾರ್ಟರ್ ಬಂದ ಬಗೆ

ಅಡಿಕೆ ಸೀಮೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಬೇರೆಯವರಿಗಾಗಿ ಹೇಳುತ್ತೇನೆ. ಕೊನೆ, ಅಂದರೆ ಅಡಿಕೆ ಗೊನೆ, ತೆಗೆಯುವವನನ್ನು ಕೊನೆಗೌಡ ಅನ್ನುತ್ತಾರೆ. ಮರ ಹತ್ತಿ, ಅಲ್ಲಿಂದಲೇ ಪಕ್ಕದ ಮರಕ್ಕೆ ದಾಟಿ, ಕೊನೆ ಕೊಯ್ದು ನೇಣಿನಲ್ಲಿ ಕೆಳಗೆ ಬಿಡುವ ಕೆಲಸ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವವನೂ ಅವನೇ. ಒದ್ದೆ ಮರ, ಸುರಿಯುವ ಮಳೆ, ಕಾಲಿಗೆ ಇಂಬಳ (ಜಿಗಣೆ). ಈಗ ಕಾರ್ಬನ್ ಫೈಬರ್ ದೋಟಿ ಬಂದು ಕೆಲವು ತೋಟದಲ್ಲಿ ನೆಲದಲ್ಲಿ ನಿಂತೇ ಕೊಯ್ಯುತ್ತಾರೆ, ಆದರೂ ನುರಿತವರಿಗೆ ಬೇಡಿಕೆ ಕಮ್ಮಿಯಾಗಿಲ್ಲ. ಕೊಯ್ಲಿನ ಕಾಲದಲ್ಲಿ ಕೊನೆಗೌಡ ಸಿಗುವುದೇ ಕಷ್ಟ. ಒಂದು ದಿನ ತಪ್ಪಿದರೆ ಕಾಯಿ ಹಣ್ಣಾಗುತ್ತದೆ, ಹಸಿ ಕಾಯಿ ಬೇಯಿಸಿ ಮಾಡುವ ರಾಶಿ ಅಡಿಕೆಗೆ ಬರುವ ರೇಟು ಹೋಗುತ್ತದೆ.

ಹಾಗಾಗಿ ತೋಟದವರು ಅವನನ್ನು ಹಿಡಿದಿಟ್ಟುಕೊಳ್ಳಲು ಸಂಬಳದ ಮೇಲೆ ಸಂಜೆ ಒಂದು ಕ್ವಾರ್ಟರ್, ಅಂದರೆ 180 ಎಂಎಲ್ ಮದ್ಯದ ಬಾಟ್ಲಿ, ಕೊಡಲು ಶುರುಮಾಡಿದರು. ಒಬ್ಬರು ಕೊಟ್ಟರು, ಪಕ್ಕದವರೂ ಕೊಡಬೇಕಾಯಿತು. ಆಮೇಲೆ ಅದು ಕೇಳಿ ಪಡೆಯುವ ಹಕ್ಕಾಯಿತು. "ಕೊಡ್ದೇ ಇದ್ರೆ ನಾಳೆ ಆ ಮನೆ ತೋಟಕ್ಕೆ ಹೋಗ್ತಾನೆ ಮಾರಾಯ್ರೆ, ನಾನೇನ್ ಮಾಡ್ಲಿ?" ಎಂದು ಒಬ್ಬ ಹಿರಿಯರು ನನ್ನ ಹತ್ತಿರ ಹೇಳಿದ್ದರು. ಅವರು ಸ್ವತಃ ಒಂದು ಹನಿ ಮುಟ್ಟದವರು. ಮನೆಯಲ್ಲಿ ದಿನಾ ಪೂಜೆ ಮಾಡುವವರು. ಅವರ ಕೊಟ್ಟಿಗೆಯ ಅಟ್ಟದಲ್ಲಿ ಕೊಯ್ಲಿನ ಕಾಲಕ್ಕೆ ಬಾಟ್ಲಿ ಪೆಟ್ಟಿಗೆ ಇರುತ್ತಿತ್ತು.

ಮೈಕೈ ನೋವಿಗೆ, ಚಳಿಗೆ ಬೇಕು ಅನ್ನುವ ನಂಬಿಕೆ ಬೇರೆ. ಮದ್ಯ ಒಳಗೆ ಹೋದಾಗ ಚರ್ಮದ ರಕ್ತನಾಳ ಹಿಗ್ಗಿ ಬಿಸಿ ಅನ್ನಿಸುತ್ತದೆ, ಆದರೆ ಮೈಯ ಶಾಖ ಹೊರಗೆ ಹೋಗುವುದು ಆಗಲೇ. ಒದ್ದೆ ಬಟ್ಟೆಯಲ್ಲಿ ಬೈಕು ಹತ್ತಿದವನಿಗೆ ಅದು ಇನ್ನೂ ಕೆಡುಕು.

ಆ ಸಂಜೆ

ದೀಪಾವಳಿ ಕಳೆದಮೇಲಿನ ಒಂದು ಸಂಜೆ. ಮೂವತ್ತರ ಆಸುಪಾಸಿನ ಕೊನೆಗೌಡ, ಒಳ್ಳೆಯ ಕೆಲಸಗಾರ, ತೋಟದವರೆಲ್ಲ ಮೊದಲು ಕರೆಯುವುದು ಅವನನ್ನೇ. ಆ ದಿನ ದೊಡ್ಡ ತೋಟ ಮುಗಿಯಿತು ಅಂತ ಖುಷಿಗೆ ಎರಡು ಬಾಟ್ಲಿ ಸಿಕ್ಕಿತ್ತು. ಒಂದನ್ನು ಅಲ್ಲೇ ಅಂಗಳದಲ್ಲಿ ಕೂತು ಖಾಲಿ ಮಾಡಿದ. ಹಿಂದೆ ಅಕ್ಕನ ಮಗನನ್ನು ಕೂರಿಸಿಕೊಂಡು ಹೊರಟ. ಹುಡುಗ ಕೊನೆ ಹೊರುವ ಕೆಲಸಕ್ಕೆ ಬಂದಿದ್ದವನು, ಕುಡಿದಿರಲಿಲ್ಲ. ಹೆಲ್ಮೆಟ್ಟು ಪೆಟ್ರೋಲ್ ಟ್ಯಾಂಕಿನ ಮೇಲಿತ್ತು. ತಿರುವಿನಲ್ಲಿ ಮೋರಿ ಕಟ್ಟೆಗೆ ಹೊಡೆದು ಇಬ್ಬರೂ ಹಳ್ಳಕ್ಕೆ ಬಿದ್ದರು.

ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಹುಡುಗ ಮುರಿದ ಕಾಲಿನಲ್ಲಿ ತೆವಳಿ ರಸ್ತೆಗೆ ಬಂದು ಕೂಗಿದ್ದು ಒಂದು ಮನೆಯವರಿಗೆ ಕೇಳಿಸಿತು. 108 ಬಂತು, ತೀರ್ಥಹಳ್ಳಿ, ಅಲ್ಲಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ. ಮಾವ ದಾರಿಯಲ್ಲೇ ಹೋದ. ಹುಡುಗ ಉಳಿದ, ಕಾಲು ಮೊದಲಿನಂತಾಗಲಿಲ್ಲ.

ಇದರ ನಂತರ ನಡೆದದ್ದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಹೇಳಬೇಕು. ಬೈಕಿನ ವಿಮೆಯ ಜೊತೆ ಮಾಲೀಕ ಚಾಲಕನಿಗೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇರುತ್ತದೆ. ಓಡಿಸುವಾಗ ಕುಡಿದಿದ್ದ ಅಂತ ರಕ್ತದ ವರದಿಯಲ್ಲಿ ಬಂದರೆ ಅದು ಸಿಗುವುದಿಲ್ಲ, ಪಾಲಿಸಿಯಲ್ಲೇ ಹಾಗೆ ಬರೆದಿರುತ್ತದೆ. ಆ ಹೆಂಗಸಿಗೆ ಒಂದು ರೂಪಾಯಿ ಬರಲಿಲ್ಲ. ಸಂಘದ ಸಾಲ ಉಳಿದಿತ್ತು, ಬೈಕಿನ ಕಂತು ಉಳಿದಿತ್ತು. ಬಾಟ್ಲಿ ಕೊಟ್ಟವರ ಮೇಲೆ ಕೇಸಿಲ್ಲ, ಅದು ಕಾನೂನಿನಲ್ಲಿ ಎಲ್ಲೂ ಕೂರುವುದಿಲ್ಲ. ತಿಥಿಗೆ ಅಕ್ಕಿ, ಕಾಯಿ ಕಳಿಸಿದರು. ಅವರು ಕೆಟ್ಟವರಲ್ಲ. ಎಲ್ಲರೂ ಕೊಡುವುದನ್ನೇ ಕೊಟ್ಟವರು.

ಊರು ಮೊದಲು ಮಾಡಿದ್ದು

ಮೊದಲು ಸಿಟ್ಟು ಹೋದದ್ದು ಗೂಡಂಗಡಿಯ ಮೇಲೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತಲ್ಲ, ಅದರ ಜಾಗವನ್ನು ಅಗ್ಗದ ವಿಸ್ಕಿಯ ಪ್ಯಾಕೆಟ್ಟು ತುಂಬಿತು. 90 ಎಂಎಲ್ ಟೆಟ್ರಾ ಪ್ಯಾಕ್, ಅಂಗಿ ಜೇಬಿನಲ್ಲಿ ಹಿಡಿಯುತ್ತದೆ. ಪೇಟೆಯ ವೈನ್ ಶಾಪಿನಿಂದ ತಂದು ಹಳ್ಳಿಯ ಗೂಡಂಗಡಿಯಲ್ಲಿ ಮೇಲೆ ದುಡ್ಡಿಟ್ಟು ಮಾರುತ್ತಾರೆ. ಲೈಸೆನ್ಸ್ ಇಲ್ಲದೆ ಮಾರುವುದು ಅಪರಾಧ. ಅಂಗಡಿಯ ಎದುರೇ ಕುಡಿಯಲು ಜಾಗ ಕೊಟ್ಟರೆ ಕರ್ನಾಟಕ ಅಬಕಾರಿ ಕಾಯ್ದೆಯ 15(ಎ) ಕಲಂನಲ್ಲಿ ಕೇಸು ಹಾಕುತ್ತಾರೆ. ಸ್ವಸಹಾಯ ಸಂಘದ ಹೆಂಗಸರು ಒಟ್ಟಾಗಿ ಹೋಗಿ ಅಂಗಡಿ ಮುಂದೆ ಕೂತರು, ಗ್ರಾಮಸಭೆಯಲ್ಲಿ ಠರಾವು ಮಾಡಿಸಿದರು, ಪೊಲೀಸರು ಬಂದು ಪ್ಯಾಕೆಟ್ಟು ಹಿಡಿದರು.

ಹೆಂಗಸರ ಆ ಧೈರ್ಯಕ್ಕೆ ಕೈ ಮುಗಿಯಬೇಕು. ಕೂತವರಲ್ಲಿ ಕೆಲವರ ಗಂಡಂದಿರೇ ಆ ಅಂಗಡಿಯ ಗಿರಾಕಿಗಳು, ಮನೆಗೆ ಹೋದಮೇಲೆ ಏನಾಯಿತು ಅಂತ ಅವರಿಗೇ ಗೊತ್ತು. ಆದರೆ ಮಾರಾಟ ನಿಲ್ಲಲಿಲ್ಲ. ಅಂಗಡಿಯಿಂದ ಒಂದು ಮನೆಯ ಹಿತ್ತಿಲಿಗೆ ಹೋಯಿತು, ರೇಟು ಏರಿತು. ಇನ್ನು ಕೆಲವರು ಬೈಕಿನಲ್ಲಿ ಪೇಟೆಗೇ ಹೋಗಿ ಕುಡಿದು ಬರಲು ಶುರುಮಾಡಿದರು. ಮೊದಲು ಅಂಗಡಿಯಿಂದ ಮನೆಗೆ ನಡೆದು ಹೋಗುತ್ತಿದ್ದವರು ಈಗ ಹೆದ್ದಾರಿಯಲ್ಲಿ ಬೈಕು ಓಡಿಸಿಕೊಂಡು ಬರುತ್ತಿದ್ದರು. 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಬೇಡ ಅಂದಿತು, ಮುಂದಿನ ವರ್ಷ ಸಣ್ಣ ಊರುಗಳಿಗೆ ಆ ದೂರ ಇಳಿಯಿತು, ನಗರಗಳಿಗೆ ವಿನಾಯಿತಿಯೂ ಸಿಕ್ಕಿತು. ಅಂಗಡಿ ಎಲ್ಲಿದೆ ಅನ್ನುವುದು ಮುಖ್ಯವೇ. ಆದರೆ ನಮ್ಮಲ್ಲಿ ಆ ಸಾವಿಗೆ ಕಾರಣವಾದ ಬಾಟ್ಲಿ ಅಂಗಡಿಯ ಎದುರು ಖಾಲಿಯಾದದ್ದಲ್ಲ, ತೋಟದ ಮನೆ ಅಂಗಳದಲ್ಲಿ ಖಾಲಿಯಾದದ್ದು. ಅಲ್ಲಿ ಯಾರೂ ಹೋಗಿ ಕೂರಲಿಲ್ಲ.

ಆಣೆ

ಎರಡನೆಯದಾಗಿ ಊರವರು ಮಾಡಿದ್ದು ಆಣೆ ಹಾಕಿಸಿದ್ದು. ದೇವಸ್ಥಾನದ ಎದುರು ನಿಲ್ಲಿಸಿ, ಇನ್ನು ಮುಟ್ಟುವುದಿಲ್ಲ ಅಂತ ಕಾಯಿ ಮುಟ್ಟಿಸಿದರು. ಆಣೆಗೆ ಮಲೆನಾಡಿನಲ್ಲಿ ಇವತ್ತಿಗೂ ಬೆಲೆ ಇದೆ. ಆವತ್ತು ಆಣೆ ಮಾಡಿದ ಕೆಲವರು ನಿಜವಾಗಿಯೂ ಬಿಟ್ಟರು.

ಅವರಲ್ಲಿ ಒಬ್ಬರು ಐವತ್ತು ದಾಟಿದವರು, ಬೆಳಿಗ್ಗೆ ಎದ್ದ ತಕ್ಷಣ ಕೈನಡುಕಕ್ಕೆ ಸ್ವಲ್ಪ ಹಾಕಿಕೊಂಡೇ ದಿನ ಶುರು ಮಾಡುತ್ತಿದ್ದವರು. ಆಣೆ ಮಾಡಿ ಅವತ್ತೇ ಬಿಟ್ಟರು. ಮಾರನೇ ದಿನ ನಡುಕ ಜಾಸ್ತಿ, ಬೆವರು, ನಿದ್ದೆ ಇಲ್ಲ. ಮೂರನೇ ದಿನ ರಾತ್ರಿ ಗೋಡೆಯ ಮೇಲೆ ಹುಳ ಹರಿಯುತ್ತಿದೆ ಅಂದರು, ಸತ್ತುಹೋದ ತಮ್ಮ ಅಂಗಳದಲ್ಲಿ ನಿಂತಿದ್ದಾನೆ ಅಂದರು, ಕತ್ತಿ ಹಿಡಿದು ಹೊರಟರು. ಮನೆಯವರು ಚೌಡಿ ಕಾಟ ಅಂದುಕೊಂಡು ನೋಡಿಸಲು ಹೊರಟಿದ್ದರು. ಆಶಾ ಕಾರ್ಯಕರ್ತೆ ಅಷ್ಟರಲ್ಲಿ ಬಂದಿದ್ದು ಅವರ ಪುಣ್ಯ. "ಅಣ್ಣ, ಪೂಜೆ ನಾಳೆ ಮಾಡ್ಸಿ, ಈಗ ಮೊದ್ಲು ಗಾಡಿ ತನ್ನಿ" ಎಂದು ಗಟ್ಟಿಯಾಗಿ ಹೇಳಿ ಆಸ್ಪತ್ರೆಗೆ ಕಳಿಸಿದಳು.

ದಿನಾ ತುಂಬಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಈ ತರಹದ ಭ್ರಮೆ, ಜ್ವರ, ಎದೆಬಡಿತ ಶುರುವಾಗಬಹುದು. ಡಾಕ್ಟರುಗಳು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು. ಸಿಕ್ಕರೆ ಬಹುತೇಕ ಜನ ಬದುಕುತ್ತಾರೆ. ನಡುಕ, ಫಿಟ್ಸ್ ತಡೆಯುವ ಔಷಧಿ ಕೊಟ್ಟು ದಿನದಿನಕ್ಕೆ ಇಳಿಸುತ್ತಾರೆ, ಜೊತೆಗೆ ಥಯಮಿನ್ ಅನ್ನುವ ಬಿ1 ವಿಟಮಿನ್ ಇಂಜೆಕ್ಷನ್. ಥಯಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟಾಗುವ ಅಪಾಯ ಇದೆ. ಇದನ್ನು ಯಾಕೆ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ ಅಂದರೆ, ಊರಿನವರು ಒಳ್ಳೆಯ ಮನಸ್ಸಿನಿಂದಲೇ ಆಣೆ ಹಾಕಿಸುತ್ತಾರೆ, ಬಿಡುವವನೂ ಒಳ್ಳೆಯ ಮನಸ್ಸಿನಿಂದಲೇ ಬಿಡುತ್ತಾನೆ, ಆಮೇಲೆ ಮೂರನೇ ದಿನ ಆಗುವುದನ್ನು ದೆವ್ವದ ಲೆಕ್ಕಕ್ಕೆ ಬರೆಯುತ್ತಾರೆ. ಬೆಳಿಗ್ಗೆ ಕೈ ನಡುಗುವ ಮನುಷ್ಯನಿಗೆ ಡಾಕ್ಟರಿಗೆ ತೋರಿಸದೆ ಆಣೆ ಹಾಕಿಸಲೇಬಾರದು. ಹಾಗೇ, ಅನ್ನಕ್ಕೆ ಕದ್ದು ಬೆರೆಸಿ ಅಂತ ಗೋಡೆ ಮೇಲೆ ಬರೆಸುತ್ತಾರಲ್ಲ ಕುಡಿತ ಬಿಡಿಸುವ ಪುಡಿ, ಅದನ್ನು ತರಬೇಡಿ. ಕುಡಿದರೆ ವಾಂತಿ ಬರಿಸುವ ಡೈಸಲ್ಫಿರಾಂ ತರಹದ ಔಷಧಿಯನ್ನು ರೋಗಿಗೆ ಗೊತ್ತಿಲ್ಲದಂತೆ ಕೊಟ್ಟು, ಅದರ ಮೇಲೆ ಅವನು ಕುಡಿದರೆ, ಬಿಪಿ ಕುಸಿದು ಸಾಯುವ ಮಟ್ಟಕ್ಕೂ ಹೋಗಬಹುದು.

ಆ ಹಿರಿಯರು ಮೆಗ್ಗಾನ್‌ನಿಂದ ಗುಣವಾಗಿ ಬಂದರು.

ನೋಟು ಪುಸ್ತಕ

ದಿಕ್ಕು ಬದಲಾದದ್ದು ಇದಾದಮೇಲೆ. ಹಾಲಿನ ಡೇರಿಗೆ ಬೆಳಿಗ್ಗೆ ಸಂಜೆ ಎಲ್ಲ ಮನೆಯವರೂ ಬರುತ್ತಾರೆ, ಯಾರ ಮನೆಯಲ್ಲಿ ಏನು ಅಂತ ಅಲ್ಲಿ ಗೊತ್ತಾಗದೇ ಇರುವುದಿಲ್ಲ. ಆಶಾ ಕಾರ್ಯಕರ್ತೆ, ಸಂಘದ ಇಬ್ಬರು ಹೆಂಗಸರು, ಡೇರಿಯ ಕಾರ್ಯದರ್ಶಿ, ನಾನು ಕೂತು ಹಿಂದಿನ ಕೆಲವು ವರ್ಷಗಳಲ್ಲಿ ನಮ್ಮ ರಸ್ತೆಯಲ್ಲಿ ಬಿದ್ದವರನ್ನೆಲ್ಲ ನೆನಪು ಮಾಡಿಕೊಂಡು ಬರೆದೆವು. ಯಾರು ಅಂತಲ್ಲ. ಎಲ್ಲಿಂದ ಬರುತ್ತಿದ್ದರು, ಎಷ್ಟು ಹೊತ್ತಿಗೆ, ಯಾವ ತಿಂಗಳು, ಯಾವ ತಿರುವು, ಬಾಟ್ಲಿ ಎಲ್ಲಿಂದ ಬಂತು. ಪೊಲೀಸ್ ಠಾಣೆಗೂ ಆಸ್ಪತ್ರೆಗೂ ಹೋಗದೆ ಮನೆಯಲ್ಲೇ ಅರಿಶಿನ ಹಚ್ಚಿಕೊಂಡು ಮಲಗಿದವರೂ ಅದರಲ್ಲಿ ಸೇರಿದರು.

ಬರೆದು ಮುಗಿದಾಗ ಎಲ್ಲರೂ ಸುಮ್ಮನಾದರು. ಬಾರಿನಿಂದ ಬರುವಾಗ ಬಿದ್ದವರಿಗಿಂತ ತೋಟದ ಕೆಲಸ ಮುಗಿಸಿ, ಮನೆ ಕಾರ್ಯ ಮುಗಿಸಿ ಬರುವಾಗ ಬಿದ್ದವರೇ ಜಾಸ್ತಿ. ಹರಕೆಯ ಕೋಳಿ ಊಟ, ಮದುವೆಯ ಮಾರನೇ ದಿನದ ಬಾಡೂಟ, ಯಕ್ಷಗಾನದ ರಾತ್ರಿ, ಎಳ್ಳಮಾವಾಸ್ಯೆ ಜಾತ್ರೆ. ಅಂದರೆ ಕುಡಿಸಿದವರು ನಾವೇ, ಊರಿನವರೇ. ಇನ್ನೊಂದು ಸಂಗತಿ ಯಾರೂ ಎಣಿಸಿರದೇ ಇದ್ದದ್ದು: ಬೆಳಿಗ್ಗೆ ಬಿದ್ದವರು. ರಾತ್ರಿ ಕುಡಿದು ಮಲಗಿ, ಬೆಳಿಗ್ಗೆ ಸ್ನಾನ ಮಾಡಿ ಕಾಫಿ ಕುಡಿದು ಹೊರಟವರು.

ಬೆಳಗಿನ ಲೆಕ್ಕವನ್ನು ಇಲ್ಲೇ ಹೇಳುತ್ತೇನೆ. 180 ಎಂಎಲ್ ಕ್ವಾರ್ಟರಿನಲ್ಲಿ ಶೇ 42.8 ಆಲ್ಕೋಹಾಲ್, ತೂಕದಲ್ಲಿ ಸುಮಾರು 60 ಗ್ರಾಂ. 60 ಕೆಜಿ ತೂಕದ ಗಂಡಸಿನ 100 ಎಂಎಲ್ ರಕ್ತದಲ್ಲಿ ಅದು ಸುಮಾರು 150 ಮಿಲಿಗ್ರಾಂ ಆಗುತ್ತದೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಂನ ಮಿತಿ 30. ಒಂದು 90ರ ಪ್ಯಾಕೆಟ್ಟು ಹಾಕಿದರೂ ಮಿತಿಯ ಎರಡು ಪಟ್ಟು ದಾಟುತ್ತದೆ. ಲಿವರ್ ಅದನ್ನು ಗಂಟೆಗೆ ಸುಮಾರು 15ರಂತೆ ಇಳಿಸುತ್ತದೆ, ಮನುಷ್ಯನಿಂದ ಮನುಷ್ಯನಿಗೆ ಸ್ವಲ್ಪ ಹೆಚ್ಚುಕಮ್ಮಿ. ರಾತ್ರಿ ಹನ್ನೊಂದಕ್ಕೆ ಒಂದು ಕ್ವಾರ್ಟರ್ ಮುಗಿಸಿದವನಿಗೆ ಬೆಳಿಗ್ಗೆ ಆರಕ್ಕೆ ಇನ್ನೂ 45ರ ಹತ್ತಿರ ಇರುತ್ತದೆ. ಕಾಫಿ, ಮಜ್ಜಿಗೆ, ನಿಂಬೆಹಣ್ಣು, ತಣ್ಣೀರು ಸ್ನಾನ ಯಾವುದೂ ಲಿವರಿನ ಕೆಲಸವನ್ನು ಬೇಗ ಮಾಡಿಸುವುದಿಲ್ಲ. ನಿದ್ದೆ ಹೋಗಬಹುದು, ಮದ್ಯ ಹೋಗುವುದಿಲ್ಲ. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಡೇರಿಯಲ್ಲಿ ಅಂಟಿಸಿದೆವು. ಶಾಲೆ ಮಕ್ಕಳನ್ನು ಓಮ್ನಿಯಲ್ಲಿ ಕರೆದುಕೊಂಡು ಹೋಗುವ ಡ್ರೈವರು ಅದರ ಮುಂದೆ ತುಂಬಾ ಹೊತ್ತು ನಿಂತಿದ್ದು ನಾನು ನೋಡಿದೆ. ವಾರದ ದಿನಗಳಲ್ಲಿ ರಾತ್ರಿ ಮುಟ್ಟುವುದಿಲ್ಲ ಅಂತ ಅವನೇ ಬಂದು ಹೇಳಿದ. ಯಾರೂ ಆಣೆ ಹಾಕಿಸಲಿಲ್ಲ.

ಬಾಟ್ಲಿಯ ಬದಲು ಏನು

ತೋಟದವರನ್ನು ಒಪ್ಪಿಸುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಒಬ್ಬರು ನಿಲ್ಲಿಸಿದರೆ ಕೆಲಸಗಾರ ಪಕ್ಕದ ತೋಟಕ್ಕೆ ಹೋಗುತ್ತಾನೆ, ಆದ್ದರಿಂದ ಎಲ್ಲರೂ ಒಟ್ಟಿಗೆ ನಿಲ್ಲಿಸಬೇಕು. ಕೊಯ್ಲಿಗೆ ಮೊದಲು, ನವರಾತ್ರಿಯ ಹೊತ್ತಿಗೆ ಸಭೆ ಆಯಿತು. ಕೊನೆಗೌಡರನ್ನೂ ಅವರ ಹೆಂಡತಿಯರನ್ನೂ ಕರೆದಿದ್ದೆವು, ಇದು ಮುಖ್ಯ. ಬಾಟ್ಲಿಯ ದುಡ್ಡನ್ನು ಸಂಬಳಕ್ಕೆ ಸೇರಿಸಿ ಕೊಡುವುದು ಅಂತ ಮಾತು ಬಂತು. "ಅದೇ ದುಡ್ಡಲ್ಲಿ ಅವ್ನು ಹೋಗಿ ಕುಡೀತಾನೆ, ಏನ್ ಪ್ರಯೋಜನ?" ಎಂದು ಒಬ್ಬರು ಕೇಳಿದರು. ಅದಕ್ಕೆ ಹಿಂದೆ ಕೂತಿದ್ದ ಒಬ್ಬ ಹೆಂಗಸು ಎದ್ದು ನಿಂತು ಹೇಳಿದ ಮಾತು ಇದು: "ಗೌಡ್ರೆ, ದುಡ್ಡು ಕೊಟ್ರೆ ಅರ್ಧನಾದ್ರೂ ಮನೆಗೆ ಬರ್ತದೆ. ಬಾಟ್ಲಿ ಕೊಟ್ರೆ ಮನೆಗೆ ಬರೋದು ವಾಸ್ನೆ ಒಂದೇ." ಸಭೆ ಅಲ್ಲಿಗೆ ಮುಗಿಯಿತು ಅಂತಲೇ ಹೇಳಬಹುದು.

ಕೊನೆಗೌಡರಲ್ಲಿ ಹಿರಿಯರೊಬ್ಬರು ಬೇರೆ ವಿಷಯ ತೆಗೆದರು. ಬೆಳಿಗ್ಗೆಯಿಂದ ಮರ ಹತ್ತಿದ ಮೈ ರಾತ್ರಿ ಮಲಗಲು ಬಿಡುವುದಿಲ್ಲ, ಅದಕ್ಕೇನು ಮಾಡುತ್ತೀರಿ ಅಂತ. ನ್ಯಾಯವಾದ ಪ್ರಶ್ನೆ. ಅದಕ್ಕೆ ಪೂರ್ತಿ ಉತ್ತರ ನಮ್ಮ ಹತ್ತಿರ ಇರಲಿಲ್ಲ. ಸಂಜೆ ಬಿಸಿನೀರಿನ ಸ್ನಾನ, ಹೊಟ್ಟೆ ತುಂಬ ಊಟ ತೋಟದ ಮನೆಯಲ್ಲೇ ಅಂತ ಆಯಿತು. ಹಂಡೆ ಒಲೆ ಹೇಗೂ ಎಲ್ಲರ ಮನೆಯಲ್ಲಿದೆ, ಸೌದೆಗೂ ಕೊರತೆ ಇಲ್ಲ. ಸಣ್ಣ ವಿಷಯ ಅನ್ನಿಸಬಹುದು. ಆದರೆ ಅದೇ ಅಂಗಳದಲ್ಲಿ ಬಾಟ್ಲಿ ಬಿಚ್ಚುವ ಹೊತ್ತಿಗೆ ಬಿಸಿನೀರು ಸಿಕ್ಕಿದ್ದು ಕೆಲವರಿಗೆ ನಿಜವಾಗಿಯೂ ಸಾಕಾಯಿತು.

ಇನ್ನು ಮನೆಗೆ ಹೋಗುವ ದಾರಿ. ಮೊದಲು ಅಡಿಕೆ ಸಾಗಿಸುವ ಪಿಕಪ್ಪಿನಲ್ಲೇ ಎಲ್ಲರನ್ನೂ ಬಿಟ್ಟು ಬರುವುದು ಅಂತ ಇತ್ತು. ಬೀಟ್ ಪೊಲೀಸರು ಅದನ್ನು ತಡೆದರು. ಸರಕಿನ ಗಾಡಿಯಲ್ಲಿ ಜನರನ್ನು ತುಂಬುವುದು ಕಾನೂನಿಗೆ ವಿರುದ್ಧ, ಪಲ್ಟಿಯಾದರೆ ಯಾರಿಗೂ ವಿಮೆ ಇಲ್ಲ. ಸರಿ ಅಂತ ಊರಿನಲ್ಲೇ ಇದ್ದ ಬಾಡಿಗೆ ಜೀಪಿನವನ ಹತ್ತಿರ ಮಾತಾಡಿ, ಕೊಯ್ಲಿನ ತಿಂಗಳುಗಳಲ್ಲಿ ಸಂಜೆ ಒಂದು ಟ್ರಿಪ್ ಅಂತ ಗೊತ್ತು ಮಾಡಿದೆವು. ಖರ್ಚನ್ನು ತೋಟದವರು ಹಂಚಿಕೊಳ್ಳುತ್ತಾರೆ. ಬೈಕು ಮನೆಯಲ್ಲೇ ಬಿಟ್ಟು ಬರಬಹುದು ಅಂತಾದರೆ, ಕುಡಿದರೂ ರಸ್ತೆಯ ಅಪಾಯ ಇಲ್ಲ. ಇಲ್ಲಿ ಒಂದು ವಾದ ಬಂತು: ಹೀಗೆ ಮಾಡಿದರೆ ಕುಡಿಯುವವರಿಗೆ ನಾವೇ ಅನುಕೂಲ ಮಾಡಿಕೊಟ್ಟಂತೆ ಆಗುವುದಿಲ್ಲವಾ? ಆಗುತ್ತದೆ, ಸ್ವಲ್ಪ ಮಟ್ಟಿಗೆ. ಆದರೂ ನಾನು ಜೀಪಿನ ಪರವೇ. ಬದುಕಿದ್ದವನಿಗೆ ಮುಂದಿನ ವರ್ಷ ಕುಡಿತ ಬಿಡಿಸಬಹುದು.

ಕೀಲಿಯ ಮಾತು

ಮನೆ ಕಾರ್ಯಗಳಲ್ಲಿ ಕುಡಿದವರ ಹತ್ತಿರ ಬೈಕಿನ ಕೀಲಿ ಕೇಳುವುದು ಜಗಳದ ಕೆಲಸ. ನಮ್ಮ ಕಡೆ ಯಾರು ಯಾರನ್ನು ಕೇಳುವುದು? ಭಾವನನ್ನು ಕೇಳಿದರೆ ಮರ್ಯಾದೆ ಹೋಯಿತು ಅನ್ನುತ್ತಾರೆ. ಮಾವನನ್ನು ಅಳಿಯ ಕೇಳುವ ಹಾಗಿಲ್ಲ. ದೊಡ್ಡಪ್ಪನನ್ನು ಹುಡುಗರು ಕೇಳುವ ಹಾಗಿಲ್ಲ. ಕೇಳಿದರೆ "ನಂಗೇನ್ ಜಾಸ್ತಿ ಆಗಿದ್ಯಾ? ನೀನ್ ಹುಟ್ಟೋಕ್ ಮುಂಚಿಂದ ಈ ರಸ್ತೇಲಿ ಓಡಿಸ್ತಿದೀನಿ" ಅಂತ ಶುರು.

ಇದಕ್ಕೆ ಒಂದು ಮನೆಯ ಅಜ್ಜಿ ದಾರಿ ತೋರಿಸಿದರು. ಅವರ ಮನೆಯ ಹರಕೆ ಊಟಕ್ಕೆ ಬಂದವರೆಲ್ಲರ ಕೀಲಿಯನ್ನು ಬಂದ ಕೂಡಲೇ, ಕೈಕಾಲು ತೊಳೆಯಲು ನೀರು ಕೊಡುವಾಗಲೇ ತೆಗೆದುಕೊಂಡರು. ಕುಡಿಯುವವರದ್ದು, ಕುಡಿಯದವರದ್ದು, ಕಾರಿನದ್ದು, ಸ್ಕೂಟಿಯದ್ದು, ಎಲ್ಲ. ಹೊರಡುವಾಗ ಅವರ ಎದುರು ನಿಂತು ನಾಲ್ಕು ಮಾತಾಡಿಯೇ ಕೀಲಿ ತೆಗೆದುಕೊಳ್ಳಬೇಕು. ಕೊಡುವುದಿಲ್ಲ ಅಂದರೆ ಇಲ್ಲ, ಮಾಳಿಗೆಯಲ್ಲಿ ಚಾಪೆ ಹಾಸಿದೆ. ಎಲ್ಲರಿಂದಲೂ ತೆಗೆದುಕೊಂಡಾಗ ಯಾರಿಗೂ ಅವಮಾನ ಆಗುವುದಿಲ್ಲ. ಕುಡಿದಮೇಲೆ ಕೇಳಿದರೆ ಜಗಳ, ಕುಡಿಯುವ ಮೊದಲು ಕೇಳಿದರೆ ಉಪಚಾರ. ಈಗ ಊರಿನ ಸುಮಾರು ಮನೆಗಳಲ್ಲಿ ಕಾರ್ಯದ ದಿನ ಜಗಲಿಯಲ್ಲಿ ಒಂದು ಬುಟ್ಟಿ ಇಡುತ್ತಾರೆ, ಅದರ ಪಕ್ಕ ಮನೆಯ ಹಿರಿ ಹೆಂಗಸು ಕೂರುತ್ತಾರೆ. ಯಕ್ಷಗಾನ ಬಯಲಾಟಕ್ಕೆ ಮಾತ್ರ ಇದು ಕೆಲಸಕ್ಕೆ ಬರಲಿಲ್ಲ, ಅಲ್ಲಿ ಬರುವವರು ಹತ್ತು ಊರಿನವರು.

ಪೊಲೀಸು, ದಂಡ

185ನೇ ಕಲಂನಲ್ಲಿ ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಎರಡನೇ ಸಲ 15,000, ಎರಡು ವರ್ಷದವರೆಗೆ ಜೈಲು. 2019ರ ತಿದ್ದುಪಡಿಗೆ ಮೊದಲು ಇದು 2,000 ಮತ್ತು 3,000 ಇತ್ತು. ಲೈಸೆನ್ಸ್ ಕೂಡ ಹೋಗಬಹುದು. ದಂಡ ಬೇಕು, ಅದರ ಹೆದರಿಕೆ ಕೆಲಸ ಮಾಡುತ್ತದೆ. ಆದರೆ ತಪಾಸಣೆ ನಡೆಯುವುದು ಹೆದ್ದಾರಿಯಲ್ಲಿ. ಇವತ್ತು ಊದಿಸುತ್ತಿದ್ದಾರೆ ಅಂತ ವಾಟ್ಸಾಪಿನಲ್ಲಿ ಬಂದ ಕೂಡಲೇ ಜನ ಕಾಡಿನ ಒಳದಾರಿ ಹಿಡಿಯುತ್ತಾರೆ, ಅದು ಹೆದ್ದಾರಿಗಿಂತ ಅಪಾಯ, ಬಿದ್ದರೆ ಬೆಳಿಗ್ಗೆಯವರೆಗೆ ಯಾರೂ ನೋಡುವುದಿಲ್ಲ. ಆ ಗ್ರೂಪುಗಳಲ್ಲಿ ಇಂಥ ಮೆಸೇಜು ಹಾಕುವವರಿಗೆ ನಾನು ನೇರವಾಗಿಯೇ ಹೇಳುತ್ತೇನೆ, ನೀವು ಯಾರಿಗೂ ಉಪಕಾರ ಮಾಡುತ್ತಿಲ್ಲ.

ಬಿದ್ದವರನ್ನು ಎತ್ತಿದರೆ ಕೋರ್ಟು ಅಲೆಯಬೇಕು ಅನ್ನುವ ಹೆದರಿಕೆ ಊರಲ್ಲಿ ಇನ್ನೂ ಇದೆ. ಅದು ಬೇಡ. ಸಹಾಯ ಮಾಡಿದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಂನಲ್ಲಿ ರಕ್ಷಣೆ ಇದೆ, ಹೆಸರು ವಿಳಾಸ ಕೊಡಲೇಬೇಕು ಅಂತ ಒತ್ತಾಯ ಮಾಡುವ ಹಾಗಿಲ್ಲ.

ಬಿಡಿಸುವ ಕೆಲಸ

ಇದು ನಿಧಾನದ ಕೆಲಸ ಅಂದೆನಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರಗಳಿಗೆ ಊರಿನಿಂದ ಕೆಲವರು ಹೋಗಿ ಬಂದರು. ಶಿಬಿರಕ್ಕಿಂತ ಆಮೇಲಿನ ನವಜೀವನ ಸಮಿತಿಯ ಕೂಟ ಮುಖ್ಯ ಅಂತ ಹೋದವರೇ ಹೇಳುತ್ತಾರೆ. ಬಿಟ್ಟವರೆಲ್ಲ ಸೇರಿ ಕೂತು ಮಾತಾಡುವುದು, ತಪ್ಪಿದವನನ್ನು ಬೈಯದೆ ಮತ್ತೆ ಕರೆಯುವುದು. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರೇ ಶುರುಮಾಡಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಡ ಇದೇ ನಂಬಿಕೆಯ ಮೇಲೆ ನಿಂತಿದೆ, ಬಿಟ್ಟವನ ಮಾತನ್ನು ಬಿಡಬೇಕಾದವನು ಕೇಳುತ್ತಾನೆ. ನಮ್ಮಲ್ಲಿ ಹೋದವರಲ್ಲಿ ಕೆಲವರು ಗಟ್ಟಿಯಾಗಿದ್ದಾರೆ. ಕೆಲವರು ಮೊದಲ ಹಬ್ಬಕ್ಕೇ ಮತ್ತೆ ಶುರುಮಾಡಿದರು. ಒಬ್ಬನು ಮೂರನೇ ಪ್ರಯತ್ನದಲ್ಲಿ ನಿಂತಿದ್ದಾನೆ. ಮತ್ತೆ ಶುರುಮಾಡಿದವನನ್ನು "ಮೊದಲೇ ಗೊತ್ತಿತ್ತು" ಅಂತ ಆಡಿಕೊಳ್ಳುವ ಬಾಯಿಗಳನ್ನು ಮುಚ್ಚಿಸುವುದು ಶಿಬಿರಕ್ಕಿಂತ ದೊಡ್ಡ ಕೆಲಸ.

ಹುಡುಗರ ಗಾಂಜಾ ವಿಷಯ ಬೇರೆಯೇ ಬರೆಯಬೇಕಾದದ್ದು. ಇಲ್ಲಿ ಒಂದೆರಡು ಮಾತು ಸಾಕು. ಊದಿಸುವ ಯಂತ್ರದಲ್ಲಿ ಅದು ತೋರುವುದಿಲ್ಲ, ಆದರೆ ಮತ್ತಿನಲ್ಲಿ ಗಾಡಿ ಓಡಿಸುವುದು ಇದೇ 185ರಲ್ಲೇ ಬರುತ್ತದೆ. ಮನೆಯವರು ಕೇಸಿಗೆ ಹೆದರಿ ಮುಚ್ಚಿಡುತ್ತಾರೆ. ಮಾದಕವಸ್ತುಗಳ 1985ರ ಕಾಯ್ದೆಯ 64ಎ ಕಲಂ ಅವರಿಗೆ ಗೊತ್ತಿರಬೇಕು, ಸ್ವಂತ ಸೇವನೆಯ ವ್ಯಸನಿ ತಾನಾಗಿ ಚಿಕಿತ್ಸೆಗೆ ಮುಂದೆ ಬಂದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಹೆಸರು ಹೇಳಿಕೊಳ್ಳಲು ಹೆದರುವವರು 14446ಕ್ಕೆ ಫೋನ್ ಮಾಡಬಹುದು, ಅದು ವ್ಯಸನಮುಕ್ತಿಯ ಉಚಿತ ಸಹಾಯವಾಣಿ. ಮನಸ್ಸಿನ ತೊಂದರೆಗೆ 14416, ಟೆಲಿ ಮಾನಸ್.

ಈಗ ಎಲ್ಲಿದ್ದೇವೆ

ಜೀಪು ಓಡುತ್ತಿದೆ. ಊರಿನ ತೋಟದವರು ಬಹುಪಾಲು ಬಾಟ್ಲಿ ನಿಲ್ಲಿಸಿದ್ದಾರೆ. ಹಿತ್ತಿಲ ಮಾರಾಟ ಇನ್ನೂ ಇದೆ. ಸಂಜೆ ಒಂದು ಬಸ್ಸಿಗಾಗಿ ಕೊಟ್ಟ ಅರ್ಜಿ ಕೊಟ್ಟಲ್ಲೇ ಇದೆ, ಅದನ್ನು ಮತ್ತೆ ಕೊಡುತ್ತೇವೆ. ಮೋರಿಗಳಿಗೆ ಪಂಚಾಯಿತಿಯಿಂದ ಬಿಳಿ ಬಣ್ಣ, ಹೊಳೆಯುವ ಪಟ್ಟಿ ಬಂದಿದೆ, ಆ ತಿರುವಿಗೂ ಬಂದಿದೆ. ಕಾಲು ಮುರಿದುಕೊಂಡ ಹುಡುಗ ಈಗ ಡೇರಿಯಲ್ಲಿ ಹಾಲು ಅಳೆಯುತ್ತಾನೆ.

ದೊಡ್ಡ ತೊಡಕು ಉಳಿದಿರುವುದು ಚೇಣಿಯದ್ದು. ತೋಟವನ್ನು ಚೇಣಿಗೆ, ಅಂದರೆ ಫಸಲನ್ನು ಗುತ್ತಿಗೆಗೆ, ಕೊಟ್ಟರೆ ಕೊಯ್ಲು ಮಾಡಿಸುವವರು ಹೊರಗಿನವರು, ಕೆಲಸಗಾರರನ್ನು ಅವರೇ ತರುತ್ತಾರೆ, ಬಾಟ್ಲಿಯನ್ನೂ ಅವರೇ ತರುತ್ತಾರೆ. ನಮ್ಮ ಮಾತಿಗೆ ಅವರು ಕಟ್ಟುಬಿದ್ದವರಲ್ಲ. ಹಾಗಾಗಿ ಈ ಸಲ ನವರಾತ್ರಿಯ ಸಭೆಯಲ್ಲಿ ಒಂದೇ ವಿಷಯ ಇದೆ: ಚೇಣಿ ಮಾತುಕತೆಯಲ್ಲಿ, ಕಾಗದ ಬರೆಯುವವರು ಕಾಗದದಲ್ಲಿ, ಎರಡು ಸಾಲು ಸೇರಿಸುವುದು. ತೋಟದಲ್ಲಿ ಬಾಟ್ಲಿ ಹಂಚುವ ಹಾಗಿಲ್ಲ, ಸಂಜೆಯ ಜೀಪಿನ ಪಾಲು ಚೇಣಿಯವರೂ ಕೊಡಬೇಕು. ಇಬ್ಬರು ತೋಟದವರು ಈಗಾಗಲೇ ಹಾಗೆ ಮಾತಾಡಿ ಮುಗಿಸಿದ್ದಾರೆ. ಉಳಿದವರಲ್ಲಿ ಮೂವರು ನೋಡೋಣ ಅಂದಿದ್ದಾರೆ, ಅವರ ಮನೆಗೆ ಸಂಘದ ಹೆಂಗಸರು ಈ ಭಾನುವಾರ ಹೋಗುವವರಿದ್ದಾರೆ, ತೀರಿಕೊಂಡ ಕೊನೆಗೌಡನ ಹೆಂಡತಿಯೂ ಜೊತೆಗೆ ಬರುತ್ತೇನೆ ಅಂದಿದ್ದಾಳೆ.